ಆಪಾ ಅವರ ಹುಡುಗರು

ನಮ್ಮಿಬ್ಬರ ಮನೆಗಳಿಗೂ ಗೋಡೆ ಒಂದೇ. ಐರಿಷ್ ಊರಾದ ವಾಟರ್‌ಫರ್ಡಿನ ಆ ಬೀದಿಯಲ್ಲಿ ಎಲ್ಲ ಮನೆಗಳೂ ಬಸ್ಸಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವರ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ನಾನು ಬಾಡಿಗೆಗೆ ಬಂದು ಇನ್ನೂ ಪೆಟ್ಟಿಗೆಗಳನ್ನು ಬಿಚ್ಚಿ ಮುಗಿಸಿರಲಿಲ್ಲ, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆಫೀಸು ನನ್ನ ಅಡುಗೆಮನೆಯ ಮೇಜಿಗೆ ಬಂತು. ಹೊರಗೆ ವಾಹನವಿಲ್ಲ, ಮನುಷ್ಯರಿಲ್ಲ, ನದಿಯ ಕಡೆಯಿಂದ ಕಡಲಹಕ್ಕಿಗಳ ಕೂಗು ಮಾತ್ರ. ಸಂಜೆಯಾಗುತ್ತಿದ್ದ ಹಾಗೆ ಆ ಗೋಡೆ ಹಾಡಲು ಶುರುಮಾಡುತ್ತಿತ್ತು.

ಮೊದಲು ಒಂದು ಆರ್ಗನ್, ತಗ್ಗಿದ ದನಿಯಲ್ಲಿ, ತುಂಬ ಹೊತ್ತು. ಆಮೇಲೆ ಎಲ್ಲೋ ದೂರದಲ್ಲಿ ಡ್ರಮ್ಸ್. ಈಗ ಯಾರಾದರೂ ಹಾಡುತ್ತಾರೆ, ಈಗ ಹಾಡುತ್ತಾರೆ ಎಂದು ಕಾದರೆ ಯಾರೂ ಹಾಡುವುದಿಲ್ಲ. ನಾನು ಅನ್ನಕ್ಕಿಟ್ಟು, ಕುಕ್ಕರ್ ಕೂಗಿ, ಅದನ್ನು ಇಳಿಸುವ ಹೊತ್ತಿಗೆ ಯಾರೋ ಒಬ್ಬ ಎರಡು ಸಾಲು ಹಾಡಿ ಮತ್ತೆ ಮಾಯವಾಗುತ್ತಿದ್ದ. ಒಂದು ದಿನ ಮೀಟಿಂಗಿನಲ್ಲಿ ಅತ್ಲೋನ್ ಊರಿನಲ್ಲಿದ್ದ ನನ್ನ ಮ್ಯಾನೇಜರು, ನಿನ್ನ ಮನೆ ಚರ್ಚಿನ ಒಳಗಿದೆಯೇ ಎಂದು ಕೇಳಿಬಿಟ್ಟರು. ಎಲ್ಲರೂ ನಕ್ಕರು. ನನಗೆ ರೇಗಿತು.

ಪಕ್ಕದ ಮನೆಯ ಬೆಲ್ ಒತ್ತಿ, ಆ ದಿನಗಳ ಮರ್ಯಾದೆಯಂತೆ ಗೇಟಿನವರೆಗೆ ಹಿಂದೆ ಸರಿದು ನಿಂತೆ. ಬಾಗಿಲು ತೆರೆದವರು ವಯಸ್ಸಾದ ಹೆಂಗಸು. ಬೂದು ಬಣ್ಣದ ಕಾರ್ಡಿಗನ್, ತಲೆಯ ಮೇಲೆ ದುಪಟ್ಟಾ, ಮೂಗಿನ ಮೇಲೆ ಮಾಸ್ಕು ಒತ್ತಿದ ಕೆಂಪು ಗುರುತು. ನಾನು ವಿನಯದ ಇಂಗ್ಲಿಷ್ ವಾಕ್ಯವೊಂದನ್ನು ಸಿದ್ಧಮಾಡಿಕೊಂಡು ಹೋಗಿದ್ದೆ.

"ಮೆಂತ್ಯ ಸೊಪ್ಪು ಸಿಕ್ತಾ?" ಎಂದರು ಅವರು, ಅಚ್ಚ ಬೆಂಗಳೂರು ಕನ್ನಡದಲ್ಲಿ.

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಗೋಡೆ ಎರಡೂ ಕಡೆಗೆ ಕೇಳ್ಸುತ್ತಪ್ಪ. ದಿನಾ ನಿಮ್ಮಮ್ಮನ ಹತ್ರ ಫೋನಲ್ಲಿ ಅಳ್ತಾ ಇರ್ತೀಯ, ಇಲ್ಲಿ ಮೆಂತ್ಯ ಇಲ್ಲ, ಮೆಂತ್ಯ ಇಲ್ಲ ಅಂತ. ನಾನು ಹಿತ್ತಿಲಲ್ಲಿ ಕುಂಡದಲ್ಲಿ ಹಾಕಿದೀನಿ, ಬೇಲಿ ಮೇಲಿಂದ ಕೊಡ್ತೀನಿ. ಹಾಡಿನ ವಿಷ್ಯ ಮಾತಾಡೋಕೆ ಬಂದಿದ್ರೆ ಮಾತ್ರ ಬೇಡ. ಅದು ನಿಲ್ಲಲ್ಲ."

"ಅದಲ್ಲ ಆಂಟಿ..."

"ಆಂಟಿ ಅನ್ಬೇಡ. ಆಪಾ ಅನ್ನು."

ಹೀಗೆ ಅವರು ನನಗೆ ಆಪಾ ಆದರು, ನನಗಿಲ್ಲದ ಅಕ್ಕ. ಜಗಳಕ್ಕೆ ಹೋದವನು ಒಂದು ಕಟ್ಟು ಮೆಂತ್ಯ ಸೊಪ್ಪು ಹಿಡಿದುಕೊಂಡು ಬಂದೆ.

ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಕೆಲಸದಿಂದ ನಿವೃತ್ತರಾಗಿ ಬ್ಯಾಲಿನ್‌ಕೊಲಿಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು, ಅಲ್ಲಿ, ನಿದ್ದೆಯಲ್ಲಿ. ಮಗಳು ಫೋನು ಮಾಡಿ ಪಕ್ಕಾ ಐರಿಷ್ ಧಾಟಿಯ ಇಂಗ್ಲಿಷಿನಲ್ಲಿ ಹೇಳಿದಳು. ಮಾತು ಇಲ್ಲಿಯದಾದರೂ ಅಳು ಮಾತ್ರ ನಮ್ಮ ಕಡೆಯದೇ. ಅಂದಿನಿಂದ ಅವರ ನೆನಪು ಹೊತ್ತಿಲ್ಲ ಗೊತ್ತಿಲ್ಲ, ಸುಮ್ಮನೆ ಬರುತ್ತಿರುತ್ತದೆ. ಆ ಎರಡು ವರ್ಷಗಳೇ ಹಾಗಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಈಗ ಬಿಡಿಸಿ ಹೇಳಲು ಹೊರಟರೆ ನನಗೇ ತಿಳಿಯುವುದಿಲ್ಲ.

ಗೋಡೆಯಲ್ಲಿ ಹಾಡುತ್ತಿದ್ದುದು ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡು, ಎಪ್ಪತ್ತರ ದಶಕದ್ದು. ಆ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ. ಚುಟುಕಾಗಿ ಮುಗಿಸಬಹುದಾದ ಹಾಡನ್ನು ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಹಬ್ಬಿಸಿ, ನಡುವೆ ಆರ್ಗನ್, ಗಿಟಾರು, ಕೊಳಲು ಎಲ್ಲವಕ್ಕೂ ಮನಸೋಇಚ್ಛೆ ಅಲೆಯಲು ಬಿಟ್ಟು, ಕೊನೆಗೆ ಹೇಗೋ ಮನೆಗೆ ಕರೆತರುವ ಸಂಗೀತ. ಬ್ಯಾಂಡಿನ ಹೆಸರು ಬರೆಯುವುದಿಲ್ಲ, ಏಕೆಂದರೆ ಆಪಾ ಒಂದು ದಿನವೂ ಆ ಹೆಸರು ಹೇಳಿದ್ದಿಲ್ಲ. ಅವರ ಬಾಯಲ್ಲಿ ಅದು "ನಮ್ಮ ಹುಡುಗರು". ಹುಡುಗರಿಗೆಲ್ಲ ಎಪ್ಪತ್ತು ದಾಟಿತ್ತು.

ಕಾಕ್ಸ್‌ಟೌನಿನ ಮನೆಯಲ್ಲಿ, ಆಪಾ ಹುಡುಗಿಯಾಗಿದ್ದಾಗ, ಅವರ ಅಣ್ಣನಿಗೆ ಹಡಗಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಆ ಬ್ಯಾಂಡಿನ ಒಂದು ರೆಕಾರ್ಡು ತಂದುಕೊಟ್ಟಿದ್ದನಂತೆ. ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅವನ ಕೋಣೆಗೆ ನುಗ್ಗಿ, ಕಿಟಕಿ ಹಾಕಿಕೊಂಡು, ಬೆಂಗಳೂರಿನ ಮಧ್ಯಾಹ್ನದ ಸೆಕೆಯಲ್ಲಿ ನೆಲದ ಮೇಲೆ ಅಂಗಾತ ಮಲಗಿ ಕೇಳುತ್ತಿದ್ದರು. ಎರಡನೆಯ ಮಗ್ಗುಲಿನ ನಡುವೆ ಒಂದು ಜಾಗವಿದೆ. ವಾದ್ಯಗಳೆಲ್ಲ ಒಂದೊಂದಾಗಿ ಹಿಂದೆ ಸರಿದು, ಕೊನೆಗೆ ಕೊಳಲೊಂದೇ ಉಳಿಯುತ್ತದೆ. ಆ ಕೊಳಲು ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುತ್ತ, ಏರುತ್ತ, ತಿರುಗುತ್ತ, ಎಲ್ಲಿಯೂ ತುಂಡಾಗದೆ ಹೋಗುತ್ತಲೇ ಇರುತ್ತದೆ. ಕೇಳುವವರ ಎದೆ ಬಿಗಿಯುತ್ತದೆಯೇ ಹೊರತು ಕೊಳಲು ನುಡಿಸುವವನು ಮಾತ್ರ ಉಸಿರು ತೆಗೆದುಕೊಳ್ಳುವುದಿಲ್ಲ.

"ಆವಾಗ ನಾನು ಫಿಸಿಯೋಥೆರಪಿ ಓದ್ತಿದ್ದೆ. ಶ್ವಾಸಕೋಶದ ಪಾಠ ನಡೀತಿತ್ತು," ಎಂದು ಹೇಳಿದ್ದರು. "ಮನುಷ್ಯನ ಕೈಲಿ ಇದು ಆಗಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಅವನ ಮೇಲೆ ಮನಸ್ಸು ಬಂದಿದ್ದು. ಕ್ಲಾಸಲ್ಲಿ ಎಲ್ಲರೂ ಮೂಳೆ, ಕೀಲು ಅಂತ ಹೋದ್ರು. ನಾನು ಉಸಿರಿನ ಕಡೆ ಬಂದೆ."

ಅದೇ ಅವರ ಕೆಲಸವಾಯಿತು. ಇಲ್ಲಿಯ ಆಸ್ಪತ್ರೆಯಲ್ಲಿ, ಶ್ವಾಸಕೋಶ ಸೋತವರಿಗೆ ಮತ್ತೆ ಉಸಿರಾಡಲು ಕಲಿಸುವ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಬೇರೆ ಊರಿನಲ್ಲಿದ್ದಳು. ನಿವೃತ್ತಿ ಹತ್ತಿರ ಬಂದು, ಇನ್ನೇನು ಕಾಲು ಚಾಚಿ ಕೂರಬೇಕು ಎನ್ನುವಷ್ಟರಲ್ಲಿ ಜಗತ್ತಿನ ಎಲ್ಲ ಕಾಯಿಲೆಗಳನ್ನೂ ಬಿಟ್ಟು ಉಸಿರಿನ ಕಾಯಿಲೆಯೇ ಬಂದು ಕೂತಿತು.

ಆ ಕೊಳಲಿನ ವಿಷಯಕ್ಕೆ ನಾನೊಮ್ಮೆ ಬುದ್ಧಿವಂತಿಕೆ ತೋರಿಸಲು ಹೋಗಿದ್ದೆ. "ಆಪಾ, ಅದು ಸ್ಟುಡಿಯೋದಲ್ಲಿ ಟೇಪ್ ಕತ್ತರಿಸಿ ಅಂಟಿಸಿರೋದು. ಉಸಿರು ತಗೊಂಡ ಜಾಗ ತೆಗೆದುಹಾಕಿರ್ತಾರೆ," ಎಂದೆ.

"ಇಂಟರ್ನೆಟ್ಟಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ. ನಾನು ನಂಬಲ್ಲ."

"ನೀವೇ ಡಾಕ್ಟರ್ ಥರ. ನಿಮಗೇ ಗೊತ್ತಲ್ವಾ, ಅಷ್ಟು ಹೊತ್ತು ಯಾರಿಗೂ ಆಗಲ್ಲ."

"ಗೊತ್ತು. ಆದ್ರೂ ನಂಬಲ್ಲ. ನಿನಗೇನು ಕಷ್ಟ?"

ಭಾನುವಾರ ರಜೆಯಿದ್ದರೆ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಹಿತ್ತಿಲ ಕಿಟಕಿಗೆ ಸ್ಪೀಕರು ಇಡುತ್ತಿದ್ದರು. ಬೇಲಿಯ ಆಚೆ ಅವರ ಕುರ್ಚಿ, ಈಚೆ ನನ್ನದು. ಅವರವರ ಟೀ ಅವರವರ ಕೈಯಲ್ಲಿ. ನಿಯಮ ಕಟ್ಟುನಿಟ್ಟು: ಸೂಜಿ ಇಟ್ಟ ಮೇಲೆ ಒಂದು ಮಗ್ಗುಲು ಮುಗಿಯುವವರೆಗೆ ಮಾತಿಲ್ಲ, ಎದ್ದು ಹೋಗುವಂತಿಲ್ಲ, ಫೋನು ನೋಡಿದರೆ ಮುಂದಿನ ವಾರ ಸೇರಿಸುವುದಿಲ್ಲ. ಮಳೆ ಹನಿದರೆ ಕೊಡೆ. ಇಲ್ಲಿಯ ಬೇಸಗೆಯ ಸಂಜೆಗೆ ಮುಗಿಯುವ ಆತುರವೇ ಇಲ್ಲ. ಬೆಳಕು ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತ ಬಾಗಿಲಲ್ಲೇ ನಿಂತಿರುತ್ತದೆ. ಹಾಡೂ ಹಾಗೆಯೇ. ಆರ್ಗನ್ ಏಳುತ್ತಿದ್ದ ಹಾಗೆ ಎದುರಿನ ಮನೆಯ ಚಿಮಣಿ, ತಂತಿಯ ಮೇಲಿನ ಬಟ್ಟೆ, ಆಪಾನ ಮೆಂತ್ಯದ ಕುಂಡ ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ದೂರ ಹೋದಂತೆನಿಸುತ್ತಿತ್ತು. ಕಣ್ಣು ಮುಚ್ಚಿದರೆ ನಾನು ಒಮ್ಮೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿರುತ್ತಿದ್ದೆ, ಒಮ್ಮೆ ಎಂದೂ ಕಾಣದ ಯಾವುದೋ ಬಯಲಿನಲ್ಲಿ. ಯಾರು ಬದುಕಿದ್ದಾರೆ, ಯಾರು ಹೋದರು, ವಿಮಾನ ಯಾವಾಗ ಬಿಡುತ್ತಾರೆ ಎಂಬುದೊಂದೂ ಅಷ್ಟು ಹೊತ್ತು ನೆನಪಾಗುತ್ತಿರಲಿಲ್ಲ. ಸೂಜಿ ಕೊನೆಯ ಸುತ್ತಿಗೆ ಬಂದು ಕರಕರ ಎನ್ನುವಾಗ ಟೀ ತಣ್ಣಗಾಗಿರುತ್ತಿತ್ತು.

ನಾನು ಮೈಸೂರಿನಲ್ಲಿ ಹೈಸ್ಕೂಲು ಮುಗಿಯುವವರೆಗೆ ಮೃದಂಗ ಕಲಿತವನು. ಕೈ ಸುಮ್ಮನಿರುವುದಿಲ್ಲ. ಆ ಬ್ಯಾಂಡಿಗೋ ನಾಲ್ಕರ ಲೆಕ್ಕವೆಂದರೆ ಅಲರ್ಜಿ. ಮೊದಲ ಸಲ ಏಳರ ಎಣಿಕೆ ಕಿವಿಗೆ ಬಿದ್ದಾಗ ಕಳೆದುಹೋದ ನೆಂಟ ಸಿಕ್ಕಷ್ಟು ಖುಷಿಯಾಗಿ, ತಕಿಟ ತಕಧಿಮಿ ಎನ್ನುತ್ತ ತೊಡೆಯ ಮೇಲೆ ತಾಳ ಹಾಕತೊಡಗಿದೆ. ಹಾಡು ಮುಗಿದ ಮೇಲೆ ಆಪಾ ಬೇಲಿಯ ಮೇಲಿಂದ ದುರುಗುಟ್ಟಿ ನೋಡಿದರು.

"ಏನದು, ತೊಡೆ ಮೇಲೆ ರೊಟ್ಟಿ ತಟ್ತಾ ಇದ್ದೆ?"

"ಮಿಶ್ರಚಾಪು ಆಪಾ! ನಿಮ್ಮ ಇಂಗ್ಲಿಷ್ ಹುಡುಗರು ನಮ್ಮ ತಾಳ ಹಾಕ್ತಿದಾರೆ!"

"ಯಾರ ತಾಳಾನೂ ಅಲ್ಲ. ನೀನು ಎಣಿಸ್ಬೇಡ, ಕೇಳು. ವಾರ್ಡಲ್ಲೂ ಅದೇ ಹೇಳ್ತೀನಿ. ಕೆಲವರು ಮಲಗಿದ ಕಡೆಯಿಂದ ಮಿಷಿನ್ ನೋಡ್ಕೊಂಡು ಒಂದು, ಎರಡು ಅಂತ ಉಸಿರು ಎಣಿಸ್ತಾ ಇರ್ತಾರೆ. ಎಣಿಸಿದ್ರೆ ಉಸಿರು ಹೆದರ್ಕೊಳ್ಳುತ್ತೆ."

ನಾನು ಕೈ ಕಟ್ಟಿಕೊಂಡು ಕೂತೆ. ಕಾಲಿನ ಹೆಬ್ಬೆರಳು ಮಾತ್ರ ಶೂವಿನೊಳಗೆ ತನ್ನ ಪಾಡಿಗೆ ತಾಳ ಹಾಕುತ್ತಿತ್ತು. ಅದು ಆಪಾನಿಗೆ ಕಾಣುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಅವರು ನೇರ ಮನೆಯೊಳಗೆ ಹೋಗುತ್ತಿರಲಿಲ್ಲ. ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಗಾಜು ಏರಿಸಿಕೊಂಡು, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿರುತ್ತಿದ್ದರು. ಒಳಗೆ ಅವರ ಹುಡುಗರು ನುಡಿಸುತ್ತಿದ್ದರು. ಮಗ್ಗುಲು ಮುಗಿದ ಮೇಲೆ ಇಳಿದು ನನ್ನ ಕಿಟಕಿಯತ್ತ ಕೈಬೀಸಿ ಒಳಗೆ ಹೋಗುವರು. ಕೆಲವು ದಿನ ಕಾರಿನಲ್ಲಿ ಹಾಡಿರುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದರು. ಅಂಥ ಸಂಜೆ ಗೋಡೆಯೂ ಮಾತಾಡುತ್ತಿರಲಿಲ್ಲ. ನಾನು ಬೇಲಿಯ ಮೇಲೆ ಒಂದು ಡಬ್ಬಿ ಚಿತ್ರಾನ್ನವನ್ನೋ ಬಿಸಿಬೇಳೆಬಾತನ್ನೋ ಇಟ್ಟು ಬರುತ್ತಿದ್ದೆ. ಏನಾಯಿತೆಂದು ಕೇಳಲು ಧೈರ್ಯವಿರಲಿಲ್ಲ. ಒಮ್ಮೆ ಮಾತ್ರ ಡಬ್ಬಿ ವಾಪಸು ಕೊಡುವಾಗ ತಾವಾಗಿ ಹೇಳಿದರು: "ಇವತ್ತು ಒಬ್ಬರ ಗಂಟಲಿಂದ ಉಸಿರಿನ ಟ್ಯೂಬ್ ತೆಗೆದ್ರು. ಪಕ್ಕದಲ್ಲಿ ನಿಂತು, ಉಸಿರು ತಗೊಳ್ಳಿ, ತಗೊಳ್ಳಿ ಅಂದೆ. ಕಿವಿ ಅವರ ಬಾಯಿ ಹತ್ರಾನೇ ಇಟ್ಕೊಂಡಿದ್ದೆ." ಆಮೇಲೆ ಉಪ್ಪು ಸ್ವಲ್ಪ ಕಡಿಮೆ ಇತ್ತು ಎಂದು ಹೇಳಿ ಒಳಗೆ ಹೋದರು.

ಅವರ ಫ್ರಿಜ್ಜಿನ ಮೇಲೆ ಆಯಸ್ಕಾಂತದ ಕೆಳಗೆ ಎರಡು ಟಿಕೆಟುಗಳಿದ್ದವು. ಹುಡುಗರು ಕೊನೆಯ ಸುತ್ತಿನ ಕಛೇರಿಗಳಿಗೆಂದು ಹೊರಟಿದ್ದರು. ಇದಾದ ಮೇಲೆ ಬ್ಯಾಂಡು ಮುಚ್ಚುತ್ತೇವೆ ಎಂದು ಘೋಷಿಸಿದ್ದರು. ಅದರಲ್ಲೊಂದು ಸಂಜೆ ಡಬ್ಲಿನ್. ಕಾಕ್ಸ್‌ಟೌನಿನ ಆ ಕೋಣೆಯಿಂದ ಹಿಡಿದು ಇಲ್ಲಿಯವರೆಗೆ ಆಪಾ ಈ ಹುಡುಗರನ್ನು ಎದುರಿಗೆ ಕಂಡವರಲ್ಲ. ಹುಡುಗಿಯಾಗಿದ್ದಾಗ ದೇಶ ಬೇರೆ; ಇಲ್ಲಿಗೆ ಬಂದಾಗ ಮಗಳು ಚಿಕ್ಕವಳು; ಆಮೇಲೆ ಗಂಡನ ಕಾಯಿಲೆ. ಈ ಒಂದು ಸಂಜೆಯಾದರೂ ನನ್ನದು ಎಂದು ತೆಗೆದ ಟಿಕೆಟು. ಲಾಕ್‌ಡೌನಿನಲ್ಲಿ ಕಛೇರಿ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು.

"ಎಷ್ಟು ಸಲ ಬೇಕಾದ್ರೂ ಮುಂದಕ್ಕೆ ಹಾಕ್ಲಿ," ಎನ್ನುತ್ತಿದ್ದರು. "ಅಷ್ಟೂ ಹುಡುಗರು ಬದುಕಿದ್ರೆ ಸಾಕು. ನನಗೆ ಭಯ ಆಗೋದು ಅದೊಂದೇ."

ಆ ಭಯ ಜನವರಿಯಲ್ಲಿ ನಿಜವಾಗುವ ಹಾಗಾಯಿತು. ಕೊಳಲಿನವನು ಅದೇ ಉಸಿರಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾನೆ ಎಂಬ ಸುದ್ದಿ ನನ್ನ ಫೋನಿನಲ್ಲಿ ಮೊದಲು ಬಂತು. ಹೇಳಲೋ ಬೇಡವೋ ಎಂದುಕೊಳ್ಳುತ್ತಿರುವಾಗಲೇ ಗೋಡೆಯ ಆಚೆ ಕುರ್ಚಿ ಎಳೆದ ಸದ್ದಾಯಿತು. ಅವರಿಗೂ ತಿಳಿದಿತ್ತು. ಬೇಲಿಯ ಹತ್ತಿರ ಬಂದರು. ಅಂಥ ರೋಗಿಗಳನ್ನು ದಿನವೂ ನೋಡುತ್ತಿದ್ದವರು. ಬೇರೆಯವರಿಗೆ ಅದು ಬರೀ ಸುದ್ದಿ, ಅವರಿಗೆ ಆ ಮನುಷ್ಯನ ಎದೆಯೊಳಗೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು.

"ಬದುಕಿದ್ರೂ ಕೊಳಲು ಹೋಯ್ತು ಕಣೋ," ಎಂದರು.

ಅವನು ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದ ಕೂಡಲೇ ಆಪಾ ಎದ್ದು ಕೂತರು. "ನೀನು ಸಾಫ್ಟ್‌ವೇರ್ ಅಲ್ವಾ? ಅವನಿಗೆ ಒಂದು ವೀಡಿಯೊ ಕಳಿಸ್ಬೇಕು, ಎಲ್ಲಿಗೆ ಅಂತ ಹುಡುಕು," ಎಂದು ಅಪ್ಪಣೆ ಮಾಡಿದರು. ಸಾಫ್ಟ್‌ವೇರಿನವನಿಗೆ ಜಗತ್ತಿನ ಎಲ್ಲರ ವಿಳಾಸವೂ ಗೊತ್ತಿರುತ್ತದೆ ಎಂದು ಅವರ ಲೆಕ್ಕ. ನಾನು ಬೇಲಿಯ ಈಚೆ ಫೋನು ಹಿಡಿದೆ. ಆಪಾ ಆಚೆ, ದುಪಟ್ಟಾ ಸರಿಮಾಡಿಕೊಂಡು, ಅರ್ಧ ನೀರು ತುಂಬಿದ ಬಾಟಲಿಗೆ ಸಣ್ಣ ಕೊಳವೆಯಿಟ್ಟು, ಗುಳುಗುಳು ಗುಳ್ಳೆ ಬರುವಂತೆ ನಿಧಾನವಾಗಿ ಊದುವ ಶ್ವಾಸಕೋಶದ ವ್ಯಾಯಾಮ ತೋರಿಸಿದರು. ಭುಜ ಏರಿಸಬಾರದು, ಹೊಟ್ಟೆಯಿಂದ ಊದಬೇಕು, ಸುಸ್ತಾದರೆ ನಿಲ್ಲಿಸಬೇಕು, ಹಟ ಮಾಡಬಾರದು. ಆಸ್ಪತ್ರೆಯಲ್ಲಿ ಹೇಳುವ ಹಾಗೆಯೇ ಇಂಗ್ಲಿಷಿನಲ್ಲಿ ಹೇಳುತ್ತ ಹೇಳುತ್ತ, ಕೊನೆಯಲ್ಲಿ ಕ್ಯಾಮೆರಾ ಮರೆತು, "ಹುಷಾರಾಗಪ್ಪ" ಎಂದು ಕನ್ನಡದಲ್ಲೇ ಮುಗಿಸಿಬಿಟ್ಟರು. ಮತ್ತೆ ತೆಗೆಯೋಣವೇ ಎಂದರೆ ಬೇಡವೆಂದರು. ಬ್ಯಾಂಡಿನ ಅಭಿಮಾನಿಗಳ ಪುಟಕ್ಕೆ ಕಳಿಸಿದೆ. ಅವನಿಂದ ಯಾವ ಉತ್ತರವೂ ಬರಲಿಲ್ಲ. ಗಾಲ್ವೆ ಊರಿನ ಯಾರೋ ಒಬ್ಬರು ಮಾತ್ರ, ಭೇಷ್ ತಾಯಿ ಎನ್ನುವುದಕ್ಕೆ ಇಲ್ಲಿಯ ಧಾಟಿಯಲ್ಲಿ, ಗ್ರ್ಯಾಂಡ್ ಜಾಬ್ ಮಿಸೆಸ್, ಎಂದು ಕೆಳಗೆ ಬರೆದಿದ್ದರು. ಆಪಾ ಅದನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಓದಿಸಿದರು.

ಲಸಿಕೆ ಬಂತು. ಅಂಗಡಿಗಳು ತೆರೆದವು. ಆ ವರ್ಷದ ಅಕ್ಟೋಬರಿನಲ್ಲಿ ಕಛೇರಿಯ ದಿನ ಗಟ್ಟಿಯಾಯಿತು. ಎರಡನೆಯ ಟಿಕೆಟು ಮಗಳದ್ದು. ಅವಳಿಗೆ ಈ ಸಂಗೀತವೆಂದರೆ ಚಿಕ್ಕಂದಿನಿಂದ ತಲೆನೋವು. "ಪಕ್ಕದ ಮನೆಯವನನ್ನ ಕರ್ಕೊಂಡು ಹೋಗು ಮಾಮ್, ಗ್ರ್ಯಾಂಡ್ ಆಗಿರುತ್ತೆ," ಎಂದು ಜಾರಿಕೊಂಡಳಂತೆ. ಡಬ್ಲಿನ್ ಬಸ್ಸಿನಲ್ಲಿ ಆಪಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೊರಗೆ ಹೊಲಗಳ ಮೇಲೆ ಮಂಜು, ಮಂಜಿನೊಳಗೆ ಹಸುಗಳು ಅರ್ಧ ಅರ್ಧ ಕಾಣುತ್ತಿದ್ದವು.

"ಇಂಗ್ಲೆಂಡಿನ ಕಛೇರಿಗಳಲ್ಲಿ ಆ ಕೊಳಲಿನ ಜಾಗ ಅವನು ನುಡಿಸ್ತಾ ಇಲ್ವಂತೆ," ಎಂದರು. "ಕೀಬೋರ್ಡಿನವನು ನುಡಿಸ್ತಾನಂತೆ. ಪರವಾಗಿಲ್ಲ. ಅವನು ಸ್ಟೇಜ್ ಮೇಲೆ ಬಂದು ಕೂತ್ರೂ ಸಾಕು."

ಪರವಾಗಿಲ್ಲ ಎಂದು ಇನ್ನೊಮ್ಮೆ ಹೇಳಿದರು. ಅಷ್ಟು ಸಲ ಹೇಳುವವರಿಗೆ ಎಷ್ಟು ಪರವಾಗಿಲ್ಲ ಎಂಬುದು ನನಗೆ ಗೊತ್ತಿತ್ತು.

ಸಭಾಂಗಣದ ತುಂಬ ಬಿಳಿಗೂದಲಿನ ತಲೆಗಳು, ಎಲ್ಲರಿಗೂ ಮಾಸ್ಕು. ಪಕ್ಕದಲ್ಲಿ ಕೂತ ಭಾರೀ ಮನುಷ್ಯನೊಬ್ಬ, ಪ್ರಾಯದಲ್ಲಿ ಉದ್ದ ಕೂದಲು ಬಿಟ್ಟವನಿರಬೇಕು, ಆಪಾನ ದುಪಟ್ಟಾ ನೋಡಿ ಒಂದು ಗಳಿಗೆ ಗಲಿಬಿಲಿಗೊಂಡ. ಸರಿಯಾದ ಜಾಗಕ್ಕೇ ಬಂದಿದ್ದೀರಾ ಎಂದು ಕೇಳುವ ಹಾಗಿತ್ತು ಅವನ ಮುಖ. ಆಪಾ ಅವನಿಗೆ ಒಂದು ಖರ್ಜೂರ ಕೊಟ್ಟರು. ದೀಪ ಆರಿತು. ಆರ್ಗನ್ ಎದ್ದಾಗ ಅದು ಗೋಡೆಯಿಂದಲ್ಲ, ನೆಲದಿಂದ, ಕುರ್ಚಿಯಿಂದ, ನನ್ನ ಪಕ್ಕೆಲುಬಿನಿಂದ ಬಂತು. ನೀಲಿ ಬೆಳಕಿನಲ್ಲಿ ಮುದುಕರು ನಿದ್ದೆಯಲ್ಲಿ ನಡೆಯುವವರಂತೆ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಎಲ್ಲರೂ ಬಂದಿದ್ದರು. ಕೊಳಲಿನವನು ತೆಳ್ಳಗಾಗಿದ್ದ, ಕೋಟು ಹೆಗಲಿನಿಂದ ಜಾರುವಂತಿತ್ತು. ಆಪಾ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

ಆ ಜಾಗ ಬಂತು. ಗಿಟಾರು ಸರಿಯಿತು, ಡ್ರಮ್ಸ್ ಸರಿಯಿತು. ಕೀಬೋರ್ಡಿನವನು ಕೈಯೆತ್ತಿ ನುಡಿಸಲು ಸಿದ್ಧನಾದ. ಕೊಳಲಿನವನು ಅವನತ್ತ ತಿರುಗಿ ತಲೆಯಾಡಿಸಿ, ಬೇಡವೆಂದ. ಬೆಳ್ಳಿಯ ಕೊಳಲನ್ನು ತುಟಿಗೆ ಎತ್ತಿಕೊಂಡ.

ಶುರುವಾಯಿತು. ನಾನು ಭಾನುವಾರಗಳಲ್ಲಿ ಕೇಳಿದ ಅದೇ ಇಳಿತ, ಅದೇ ತಿರುವು, ಸ್ವಲ್ಪ ಒಣಗಿದ ದನಿಯಲ್ಲಿ. ಸಭೆಗೆ ಸಭೆಯೇ ಉಸಿರು ಬಿಗಿಹಿಡಿದಿತ್ತು. ಏರಿನ ನಡುವೆ, ಎಲ್ಲರೂ ಮುಂದಿನ ಸ್ವರಕ್ಕೆ ಕಾಯುತ್ತಿರುವಾಗ, ಕೊಳಲು ನಿಂತುಬಿಟ್ಟಿತು. ಮೈಕಿನಲ್ಲಿ ಒಂದು ಉಸಿರು ಕೇಳಿಸಿತು. ದೊಡ್ಡದು, ಒರಟು, ಬಾವಿಯಿಂದ ಕೊಡ ಎಳೆದಂಥದ್ದು. ಪಕ್ಕದ ಭಾರೀ ಮನುಷ್ಯ ಅಯ್ಯೋ ಎನ್ನುವ ಹಾಗೆ ತಲೆ ತಗ್ಗಿಸಿದ. ಯಾರೂ ಮಿಸುಕಲಿಲ್ಲ.

ಆ ನಿಶ್ಶಬ್ದದಲ್ಲಿ ಆಪಾ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾಡಿನ ನಟ್ಟನಡುವೆ, ಅಷ್ಟು ಜನರಲ್ಲಿ ಒಬ್ಬರೇ. ಮುಂದಿನ ಸಾಲಿನ ತಲೆಗಳೆಲ್ಲ ಹಿಂದೆ ತಿರುಗಿದವು. ನನಗೆ ನಾಚಿಕೆಯಾಗಿ ಅವರ ಕಾರ್ಡಿಗನ್ ಎಳೆದು ಕೂರಿಸಲು ನೋಡಿದೆ. ಅವರು ನನ್ನ ಕೈ ಕೊಡವಿದರು. ಕೊಳಲಿನವನು ಕತ್ತಲಲ್ಲಿ ಚಪ್ಪಾಳೆ ಎಲ್ಲಿಂದ ಬಂತೆಂದು ಒಮ್ಮೆ ನೋಡಿದ. ಆಮೇಲೆ ಬಿಟ್ಟ ಜಾಗದಿಂದ ಹಿಡಿದು, ಮತ್ತೆ ನಿಂತು, ಮತ್ತೆ ಉಸಿರು ತೆಗೆದುಕೊಂಡು, ಕೊನೆಯವರೆಗೂ ನುಡಿಸಿದ.

ಹೊರಗೆ ಬಸ್‌ಸ್ಟಾಪಿನಲ್ಲಿ ಚಳಿ ಇತ್ತು. ನನಗೆ ತಡೆಯದೆ, "ಬೇಜಾರಾಯ್ತಾ ಆಪಾ? ಇಷ್ಟು ವರ್ಷ ಕಾದಿದ್ರಿ. ರೆಕಾರ್ಡಲ್ಲಿ ಇರೋ ಹಾಗೆ ಬರಲಿಲ್ಲ," ಎಂದೆ.

ಅವರು ಗಕ್ಕನೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು. ಕೋಪವೂ ಇತ್ತು.

"ರೆಕಾರ್ಡಲ್ಲಿ ಅವನು ಉಸಿರೇ ಆಡಲ್ಲ ಕಣೋ. ಇಷ್ಟು ವರ್ಷ ಅದೇ ದೊಡ್ಡದು ಅಂದ್ಕೊಂಡಿದ್ದೆ. ಈ ಎರಡು ವರ್ಷ ವಾರ್ಡಲ್ಲಿ ಹಾಸಿಗೆ ಹಾಸಿಗೆ ಹತ್ರ ನಿಂತು ನಾನು ಯಾವ ಸದ್ದಿಗೆ ಕಾಯ್ತಾ ಇದ್ದೆ ಹೇಳು? ಕೆಲವರದ್ದು ಬಂತು. ಎಷ್ಟೋ ಜನರದ್ದು ಬರಲೇ ಇಲ್ಲ. ಅವನದ್ದು ಬಂತಲ್ಲೋ. ಚಪ್ಪಾಳೆ ಹೊಡೀದೆ ಇನ್ನೇನು ಮಾಡ್ಲಿ?"

ಬಸ್ಸು ಬಂತು. ಅವರ ಕೈಚೀಲ ಹಿಡಿದುಕೊಂಡು, ಅವರನ್ನು ಮೊದಲು ಹತ್ತಿಸಿದೆ.